39ಕ್ಕೆ ನಿಂತ ಹೋಲಿಕೆ, 49ರಲ್ಲಿದ್ದ ಗ್ರಹ: ನೆಪ್ಚೂನನ್ನು ಕಂಡವರು ಯಾರು?

ಮಳೆಗಾಲದಲ್ಲಿ ಶಿವಮೊಗ್ಗದ ಕೋರ್ಪಲಯ್ಯ ಛತ್ರದ ಬಳಿ ತುಂಗೆಯೊಳಗಿರುವ ಕಲ್ಲುಮಂಟಪ ಮುಳುಗಿತೆಂದರೆ ಅದು ಊರಿಗೆಲ್ಲ ಸುದ್ದಿ. ಪೇಟೆಯಲ್ಲಿ ಹನಿ ಬೀಳದಿದ್ದರೂ ‘ಮೇಲೆ ಚೆನ್ನಾಗಿ ಹೊಯ್ದಿದೆ’ ಎಂಬುದು ದಡದಲ್ಲಿ ನಿಂತವರಿಗೆ ಗೊತ್ತಾಗುತ್ತದೆ. ಕಾಣದ ಮಳೆಯನ್ನು ಕಾಣುವ ನೀರಿನಲ್ಲಿ ಓದುವ ಲೆಕ್ಕ ಇದು. ಇದಕ್ಕೊಂದು ಮಿತಿಯೂ ಇದೆ. ನೀರಿನ ಮಟ್ಟವೊಂದನ್ನೇ ನೋಡಿ, ತೀರ್ಥಹಳ್ಳಿ ಹತ್ತಿರ ಹದ ಮಳೆಯಾಯಿತೋ ಶೃಂಗೇರಿಯಾಚೆ ಜಡಿಮಳೆಯಾಯಿತೋ ಹೇಳಲಾಗದು. ಹತ್ತಿರದ ಚಿಕ್ಕದು, ದೂರದ ದೊಡ್ಡದು, ಎರಡೂ ಕೆಳಗೆ ನಿಂತವರಿಗೆ ಒಂದೇ ಥರ ಕಾಣುತ್ತವೆ.

1846ರಲ್ಲಿ ನೆಪ್ಚೂನ್ ಗ್ರಹ ಸಿಕ್ಕಿದ್ದು ಇದೇ ಜಾತಿಯ ಲೆಕ್ಕದಿಂದ. ಸಿಕ್ಕ ಮರುವಾರವೇ ಅದು ಯಾರದೆಂಬ ಜಗಳ ಶುರುವಾಯಿತು. ಫ್ರಾನ್ಸಿನ ಅರ್ಬೇನ್ ಲ ವೆರಿಯೆ, ಇಂಗ್ಲೆಂಡಿನ ಜಾನ್ ಕೂಚ್ ಆಡಮ್ಸ್ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಲೆಕ್ಕ ಹಾಕಿದರು, ಆದ್ದರಿಂದ ಇಬ್ಬರಿಗೂ ಸಮಪಾಲು ಎಂದು ಶಾಲಾಪುಸ್ತಕಗಳು ಬಹಳ ಕಾಲ ಬರೆದವು. ಕಡತಗಳನ್ನು ಬಿಡಿಸಿ ನೋಡಿದರೆ ಆ ಸಮಪಾಲು ನಿಲ್ಲುವುದು ಕಷ್ಟ.

ಮೊದಲು ಲೆಕ್ಕ. ವಿಲಿಯಂ ಹರ್ಷೆಲ್ 1781ರ ಮಾರ್ಚ್ 13ರಂದು ಯುರೇನಸ್ ಕಂಡುಹಿಡಿದ. ಅದು ಸೂರ್ಯನನ್ನು ಒಂದು ಸುತ್ತು ಹಾಕಲು 84 ವರ್ಷ ಬೇಕು, ಅಷ್ಟು ದಿನ ಕಾಯುವವರು ಯಾರು? ಹಳೆಯ ದಾಖಲೆ ಕೆದಕಿದಾಗ ಅದೃಷ್ಟ ಒಲಿಯಿತು. 1690ರಲ್ಲೇ ಇಂಗ್ಲೆಂಡಿನ ಖಗೋಳಜ್ಞ ಫ್ಲ್ಯಾಮ್‌ಸ್ಟೀಡ್ ಅದನ್ನು ಕಂಡು, ನಕ್ಷತ್ರವೆಂದು ಭಾವಿಸಿ ವೃಷಭ ರಾಶಿಯ 34ನೇ ನಕ್ಷತ್ರವಾಗಿ ಪಟ್ಟಿಗೆ ಸೇರಿಸಿಬಿಟ್ಟಿದ್ದ. 1821ರಲ್ಲಿ ಫ್ರಾನ್ಸಿನ ಖಗೋಳಜ್ಞ ಅಲೆಕ್ಸಿ ಬುವಾರ್ ಯುರೇನಸ್ಸಿನ ಸ್ಥಾನದ ಕೋಷ್ಟಕ ಮಾಡಲು ಕೂತಾಗ ಹಳೆಯ ವೀಕ್ಷಣೆಗಳು ಹೊಸದಕ್ಕೆ ಹೊಂದಲೇ ಇಲ್ಲ. ಹಳೆಯವೇ ತಪ್ಪಿರಬೇಕೆಂದು ಅವನ್ನು ಬದಿಗಿಟ್ಟು ಬರೀ ಹೊಸದರಿಂದ ಕೋಷ್ಟಕ ಕಟ್ಟಿದ. ಕೆಲವೇ ವರ್ಷಗಳಲ್ಲಿ ಗ್ರಹ ಅದನ್ನೂ ಬಿಟ್ಟು ಸರಿಯತೊಡಗಿತು. 1845ರ ಹೊತ್ತಿಗೆ ವ್ಯತ್ಯಾಸ ಸುಮಾರು 2 ಕಲೆ. ಒಂದು ಡಿಗ್ರಿಗೆ 60 ಕಲೆ, ಹುಣ್ಣಿಮೆ ಚಂದ್ರನ ಅಗಲ ಸುಮಾರು 30 ಕಲೆ. ಚಂದ್ರನ ಹದಿನೈದನೇ ಒಂದು ಭಾಗ ಎಂದರೆ ಬರಿಗಣ್ಣಿಗೆ ಏನೂ ಅಲ್ಲ, ಆ ಕಾಲದ ಉಪಕರಣಗಳಿಗೆ ಮಾತ್ರ ಮುಚ್ಚಿಡಲಾಗದ ತಪ್ಪು.

ಆಚೆ ಇನ್ನೊಂದು ಗ್ರಹ ಎಳೆಯುತ್ತಿದ್ದರೆ ಏನಾಗುತ್ತದೆ? ಒಳಗಿನ ಕಕ್ಷೆಯ ಯುರೇನಸ್ ಬೇಗ ನಡೆಯುತ್ತದೆ, ಹೊರಗಿನದು ನಿಧಾನ. ಯುರೇನಸ್ ಹಿಂದಿನಿಂದ ಹತ್ತಿರ ಬರುವಾಗ ಹೊರಗಿನ ಗ್ರಹ ಅದನ್ನು ಮುಂದಕ್ಕೆ ಸೆಳೆಯುತ್ತದೆ, ಆಗ ಅದು ಲೆಕ್ಕಕ್ಕಿಂತ ಮುಂದೆ ಓಡುತ್ತದೆ. ದಾಟಿ ಹೋದ ಮೇಲೆ ಅದೇ ಸೆಳೆತ ಹಿಂದಕ್ಕೆ ಜಗ್ಗುತ್ತದೆ. ಮುಂದಕ್ಕೆ ಎಳೆಯುವುದು ನಿಂತು ಹಿಂದಕ್ಕೆ ಎಳೆಯುವುದು ಶುರುವಾದ ತಿರುವೇ, ಎರಡು ಗ್ರಹಗಳೂ ಸೂರ್ಯನಿಂದ ಒಂದೇ ದಿಕ್ಕಿನಲ್ಲಿದ್ದ ಕಾಲ. ನಿಜದಲ್ಲಿ ಅದು 1822ರ ಆಸುಪಾಸು ನಡೆಯಿತು. ಆ ದಿಕ್ಕು ಸಿಕ್ಕರೆ ಅಲ್ಲಿಂದ ಮುಂದಿನ 24 ವರ್ಷದಲ್ಲಿ ಕಾಣದ ಗ್ರಹ ಎಷ್ಟು ನಡೆದಿರಬಹುದು ಎಂಬುದಷ್ಟೇ ಉಳಿದ ಪ್ರಶ್ನೆ.

ಹೇಳಲು ಸುಲಭ, ಮಾಡಲು ತ್ರಾಸು. ಹೊಸ ಗ್ರಹದ ತೂಕ, ದೂರ, ಕಕ್ಷೆ ಎಷ್ಟು ಚಪ್ಪಟೆ, ಸೂರ್ಯನಿಗೆ ಹತ್ತಿರ ಬರುವ ಬಿಂದು ಯಾವ ದಿಕ್ಕಿಗೆ, ಒಂದು ಗೊತ್ತಾದ ದಿನ ಅದು ಎಲ್ಲಿತ್ತು, ಇಷ್ಟೂ ತಿಳಿಯದು. ಅದರ ಮೇಲೆ ಯುರೇನಸ್ಸಿನ ಕಕ್ಷೆಯ ಅಂಕಿಗಳನ್ನೂ ನಂಬುವಂತಿಲ್ಲ. ಅವನ್ನು ಕಟ್ಟಿದ್ದೇ ಸೆಳೆತಕ್ಕೆ ಸಿಕ್ಕಿದ್ದ ಸ್ಥಾನಗಳಿಂದ, ಕಲಬೆರಕೆ ಆಗಲೇ ಒಳಗಿದೆ. ಹಾಗಾಗಿ ಎರಡೂ ಕಕ್ಷೆಗಳನ್ನು ಒಟ್ಟಿಗೇ ಬಿಡಿಸಬೇಕು. ಅಪರಿಚಿತಗಳನ್ನು ಕಡಿಮೆ ಮಾಡಲು ಇಬ್ಬರೂ ಒಂದೇ ಅಡ್ಡದಾರಿ ಹಿಡಿದರು: ದೂರವನ್ನು ಊಹಿಸಿಬಿಡುವುದು. ಗ್ರಹಗಳ ದೂರಕ್ಕೆ ಬೋಡೆ ನಿಯಮ ಎಂಬ ಒಂದು ಸಂಖ್ಯಾಸರಣಿ ಆಗ ಚಾಲ್ತಿಯಲ್ಲಿತ್ತು. ಭೂಮಿ-ಸೂರ್ಯರ ನಡುವಿನ ದೂರವನ್ನು 1 ಎಂದಿಟ್ಟುಕೊಂಡರೆ ಅದು ಶನಿಗೆ 10, ಯುರೇನಸ್ಸಿಗೆ 19.6, ಮುಂದಿನದಕ್ಕೆ 38.8 ಕೊಡುತ್ತದೆ. ಅಲ್ಲಿಂದ ಶುರುಮಾಡಿದ ಲ ವೆರಿಯೆ ಕೊನೆಗೆ ತಲುಪಿದ್ದು 36.15ಕ್ಕೆ. ನೆಪ್ಚೂನಿನ ನಿಜವಾದ ಸರಾಸರಿ ದೂರ 30.07.

ಆರರಷ್ಟು ತಪ್ಪಿದ ದೂರ ಇಟ್ಟುಕೊಂಡೂ ಗ್ರಹ ಸಿಕ್ಕಿದ್ದು ಹೇಗೆ? ಮಂಟಪದ ಬಳಿ ನಿಂತವರ ತೊಡಕೇ ಇಲ್ಲಿ ಉಪಕಾರಕ್ಕೆ ಬಂತು. ದೂರ ಹೆಚ್ಚಿಟ್ಟಿದ್ದಕ್ಕೆ ಲೆಕ್ಕ ತಾನೇ ತೂಕವನ್ನೂ ಹೆಚ್ಚಿಸಿ ಸೆಳೆತ ಸರಿತೂಗಿಸಿತು. ಲ ವೆರಿಯೆಯ ಗ್ರಹ ಭೂಮಿಯ ಸುಮಾರು 36 ಪಟ್ಟು ತೂಕದ್ದು, ನಿಜದ ನೆಪ್ಚೂನ್ 17 ಪಟ್ಟು. ಇನ್ನು ವೇಗ. ಅವನ ಗ್ರಹ ಒಂದು ಸುತ್ತಿಗೆ 217 ವರ್ಷ ತೆಗೆದುಕೊಳ್ಳುತ್ತಿತ್ತು, ನಿಜವಾದದ್ದು 165. ವರ್ಷಕ್ಕೆ ಅರ್ಧ ಡಿಗ್ರಿಯ ವ್ಯತ್ಯಾಸ, 24 ವರ್ಷಕ್ಕೆ 12 ಡಿಗ್ರಿ ಆಗಬೇಕಿತ್ತು. ಆದರೆ ಲೆಕ್ಕದ ಕಕ್ಷೆ ಸಾಕಷ್ಟು ಚಪ್ಪಟೆಯಾಗಿ ಬಂತು. 19ನೇ ಶತಮಾನದ ಮೊದಲರ್ಧದಲ್ಲಿ ಆ ಕಾಲ್ಪನಿಕ ಗ್ರಹ ಸೂರ್ಯನಿಗೆ ಹತ್ತಿರದ ತುದಿಯಲ್ಲಿತ್ತು, ಹಾಗಾಗಿ ಅಲ್ಲಿ ಬೇಗ ಓಡಿತು. ನಿಜದ ಕಕ್ಷೆ ಹೆಚ್ಚುಕಡಿಮೆ ಪೂರ್ಣ ವೃತ್ತ. ಎರಡು ಕಕ್ಷೆಗಳೂ ಬೇಕಾದ ಆ ಕೆಲವು ದಶಕ ಮಾತ್ರ ಜೊತೆಜೊತೆಗೆ ಸಾಗಿ ಆಮೇಲೆ ದೂರವಾದವು. ಅಮೆರಿಕದ ಗಣಿತಜ್ಞ ಬೆಂಜಮಿನ್ ಪಿಯರ್ಸ್ ಇದನ್ನು ಬರೀ ಆಕಸ್ಮಿಕ ಎಂದ. ಅದು ಸ್ವಲ್ಪ ಅತಿಯಾಯಿತು. ದಿಕ್ಕನ್ನು ಕೊಡುವ ಶಕ್ತಿ ದತ್ತಾಂಶದಲ್ಲಿತ್ತು, ದೂರವನ್ನು ಕೊಡುವ ಶಕ್ತಿ ಇರಲಿಲ್ಲ.

ಇನ್ನು ಘಟನೆಗಳ ಸಾಲು. ಜಗಳ ಇರುವುದು ತಾರೀಖುಗಳಲ್ಲಿ.

ಆಡಮ್ಸ್ ಈ ಕೆಲಸ ಮಾಡಬೇಕೆಂದು 1841ರ ಜುಲೈ 3ರಂದೇ ಚೀಟಿ ಬರೆದಿಟ್ಟುಕೊಂಡಿದ್ದ, ಆಗಿನ್ನೂ ಕೇಂಬ್ರಿಜ್ ವಿದ್ಯಾರ್ಥಿ. 1845ರ ಸೆಪ್ಟೆಂಬರಿನಲ್ಲಿ ಅಲ್ಲಿನ ವೀಕ್ಷಣಾಲಯದ ಜೇಮ್ಸ್ ಚಾಲಿಸ್‌ಗೆ ಫಲಿತಾಂಶ ಕೊಟ್ಟ. ಅಕ್ಟೋಬರ್ 21ರಂದು ರಾಜಖಗೋಳಜ್ಞ ಜಾರ್ಜ್ ಏರಿಯನ್ನು ಹುಡುಕಿಕೊಂಡು ಗ್ರೀನಿಚ್‌ಗೆ ಎರಡು ಸಲ ಹೋದ, ಭೇಟಿಯಾಗಲಿಲ್ಲ. ಒಂದು ಹಾಳೆ ಬಿಟ್ಟು ಬಂದ. ಅದರಲ್ಲಿ ಉತ್ತರವಿತ್ತು, ಉತ್ತರಕ್ಕೆ ಹೇಗೆ ಬಂದ ಎಂಬುದು ಇರಲಿಲ್ಲ. ಏರಿ ನವೆಂಬರ್ 5ರಂದು ಪತ್ರ ಬರೆದು ಒಂದೇ ಪ್ರಶ್ನೆ ಕೇಳಿದ: ಯುರೇನಸ್ಸಿನ ದಿಕ್ಕು ಮಾತ್ರವಲ್ಲ, ಸೂರ್ಯನಿಂದ ಅದರ ದೂರವೂ ಕೋಷ್ಟಕಕ್ಕೆ ಹೊಂದುತ್ತಿಲ್ಲ, ನಿಮ್ಮ ಗ್ರಹ ಅದನ್ನೂ ವಿವರಿಸುತ್ತದೆಯೇ? ಆಡಮ್ಸ್ ಉತ್ತರ ಕಳಿಸಲೇ ಇಲ್ಲ.

ಏರಿ ಜಂಬದ ಅಧಿಕಾರಿ, ಬಡ ಹುಡುಗನ ಪ್ರತಿಭೆ ತುಳಿದವನು ಎಂಬ ಚಿತ್ರ ಜನಪ್ರಿಯ. ಪ್ರಶ್ನೆ ಮಾತ್ರ ಯಾವ ಪರೀಕ್ಷಕನಾದರೂ ಕೇಳಬೇಕಾದದ್ದೇ. 1846ರ ಜೂನ್ 26ರಂದು ಏರಿ ಅದೇ ಪ್ರಶ್ನೆಯನ್ನು ಲ ವೆರಿಯೆಗೂ ಕಳಿಸಿದ. ಅವನ ಉತ್ತರ ಜೂನ್ 28ರ ತಾರೀಖಿನದು. ಏರಿಯ ನಿಜವಾದ ತಪ್ಪು ಬೇರೆ ಕಡೆ ಇದೆ: ಆ ಪತ್ರದಲ್ಲಿ ಆಡಮ್ಸ್ ಎಂಬೊಬ್ಬ ಇದ್ದಾನೆಂದು ಬಾಯಿಬಿಡಲಿಲ್ಲ.

ಲ ವೆರಿಯೆ ಈ ಕೆಲಸಕ್ಕೆ ಕೈಹಾಕಿದ್ದು 1845ರ ಬೇಸಿಗೆಯಲ್ಲಿ, ಪ್ಯಾರಿಸ್ ವೀಕ್ಷಣಾಲಯದ ಅರಾಗೋನ ಸಲಹೆಯಂತೆ. ಎಲ್ಲವನ್ನೂ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಬಹಿರಂಗವಾಗಿ ಇಟ್ಟ. 1845ರ ನವೆಂಬರ್ 10ರಂದು ಯುರೇನಸ್ಸಿನ ಲೆಕ್ಕ ಶುದ್ಧಮಾಡಿದ ಪ್ರಬಂಧ, 1846ರ ಜೂನ್ 1ರಂದು ಹೊಸ ಗ್ರಹದ ಸ್ಥೂಲ ಸ್ಥಾನ, ಆಗಸ್ಟ್ 31ರಂದು ಪೂರ್ತಿ ಕಕ್ಷೆ. 1847ರ ಜನವರಿ 1ಕ್ಕೆ ಗ್ರಹಸ್ಫುಟ (ರಾಶಿಚಕ್ರದಲ್ಲಿ ಗ್ರಹದ ಸ್ಥಾನ) 326 ಡಿಗ್ರಿ 32 ಕಲೆ ಎಂದು ಒಂದೇ ಅಂಕಿ ಕೊಟ್ಟ. ಇದು ವಸಂತ ವಿಷುವದ ಬಿಂದುವಿನಿಂದ ಅಳೆಯುವ ಸಾಯನ ಲೆಕ್ಕ, ನಕ್ಷತ್ರಗಳಿಗೆ ಕಟ್ಟಿದ ನಮ್ಮ ಪಂಚಾಂಗದ ನಿರಯಣಕ್ಕೆ ಇಳಿಸಿದರೆ ಕುಂಭದ ಆರಂಭಕ್ಕೆ ಬರುತ್ತದೆ. ಗ್ರಹದ ತಟ್ಟೆ 3.3 ವಿಕಲೆ (ಒಂದು ಕಲೆಗೆ 60 ವಿಕಲೆ) ಅಗಲ ಕಾಣುತ್ತದೆ, ಚುಕ್ಕಿಯಲ್ಲ ತಟ್ಟೆ ಎಂದು ನೋಡಿಯೇ ಗುರುತಿಸಬಹುದು ಎಂದೂ ಹೇಳಿದ. ಆಡಮ್ಸ್ ಅತ್ತ ಊಹೆಗಳನ್ನು ಬದಲಿಸುತ್ತ ಹೋದ. ಅವನ ಬೇರೆಬೇರೆ ಉತ್ತರಗಳು ಆಕಾಶದಲ್ಲಿ ಹತ್ತು ಡಿಗ್ರಿಗೂ ಹೆಚ್ಚು ಜಾಗಕ್ಕೆ ಹರಡಿಕೊಂಡಿವೆ.

ಜೂನಿನ ಪ್ರಬಂಧ ಓದಿದ ಏರಿಗೆ, ಆಡಮ್ಸ್ ಬಿಟ್ಟುಹೋದ ಹಾಳೆಗೂ ಇದಕ್ಕೂ ಒಂದೇ ಡಿಗ್ರಿ ವ್ಯತ್ಯಾಸ ಎಂಬುದು ಹೊಳೆಯಿತು. ಜುಲೈ 9ರಂದು ಚಾಲಿಸ್‌ಗೆ ಹುಡುಕಲು ಬರೆದ. ಚಾಲಿಸ್ ಬಳಿ ಸುಮಾರು ಹನ್ನೆರಡು ಇಂಚಿನ ನಾರ್ತಂಬರ್‌ಲ್ಯಾಂಡ್ ದೂರದರ್ಶಕವಿತ್ತು, ಆ ಭಾಗದ ಒಳ್ಳೆಯ ನಕ್ಷೆ ಇರಲಿಲ್ಲ. ನಕ್ಷೆ ಇಲ್ಲದವನು ಏನು ಮಾಡಬೇಕು? 30 ಡಿಗ್ರಿ ಉದ್ದ, 10 ಡಿಗ್ರಿ ಅಗಲದ ಪಟ್ಟಿಯಲ್ಲಿ ಸಿಕ್ಕ ಪ್ರತಿ ಚುಕ್ಕಿಯ ಸ್ಥಾನ ಬರೆದುಕೊಳ್ಳಬೇಕು, ಕೆಲವು ದಿನ ಬಿಟ್ಟು ಅದನ್ನೇ ಮತ್ತೆ ಬರೆದುಕೊಳ್ಳಬೇಕು, ಎರಡು ಪಟ್ಟಿ ಹೋಲಿಸಬೇಕು. ಜಾಗ ಬದಲಿಸಿದ್ದು ಗ್ರಹ. ವಿಧಾನ ಸರಿಯಾದದ್ದೇ, ನಿಧಾನ ಅಷ್ಟೆ. ಜುಲೈ 29ಕ್ಕೆ ಶುರುವಾಯಿತು, ಮುಗಿಯುವಷ್ಟರಲ್ಲಿ ಮೂರು ಸಾವಿರಕ್ಕೂ ಹೆಚ್ಚು ನಮೂದು.

ಎಡವಟ್ಟಾದದ್ದು ಹೋಲಿಕೆಯಲ್ಲಿ. ಜುಲೈ 30ರ ಪಟ್ಟಿಯನ್ನೂ ಆಗಸ್ಟ್ 12ರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಚಾಲಿಸ್ ಮೊದಲ 39 ನಕ್ಷತ್ರ ತಾಳೆ ನೋಡಿದ. ಎಲ್ಲ ಹೊಂದಿದವು, ವಿಧಾನ ಸರಿಯಿದೆಯೆಂದು ಅಲ್ಲಿಗೇ ನಿಲ್ಲಿಸಿದ. ಆಗಸ್ಟ್ 12ರ ಪಟ್ಟಿಯ 49ನೇ ಚುಕ್ಕಿ ಜುಲೈ 30ರಂದು ಅಲ್ಲಿರಲಿಲ್ಲ. ಅದೇ ನೆಪ್ಚೂನ್. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬರ್ಲಿನ್ನಿನಲ್ಲಿ ನಡೆದದ್ದು ಇದರ ತದ್ವಿರುದ್ಧ. ಸ್ವದೇಶದಲ್ಲಿ ಯಾರೂ ಗಟ್ಟಿಯಾಗಿ ಹುಡುಕದಿದ್ದಾಗ ಲ ವೆರಿಯೆಗೆ, ವರ್ಷದ ಹಿಂದೆ ತನಗೊಂದು ಪ್ರಬಂಧ ಕಳಿಸಿದ್ದ ಬರ್ಲಿನ್ ವೀಕ್ಷಣಾಲಯದ ಯೋಹಾನ್ ಗಾಲೆಯ ನೆನಪಾಯಿತು. ಧನ್ಯವಾದದ ನೆಪದಲ್ಲಿ ಸೆಪ್ಟೆಂಬರ್ 18ರಂದು ಪತ್ರ ಬರೆದ, 23ಕ್ಕೆ ತಲುಪಿತು. ನಿರ್ದೇಶಕ ಎಂಕೆಗೆ ಅಂದು ಹುಟ್ಟುಹಬ್ಬ, ದೂರದರ್ಶಕ ಬಿಡುವಾಗಿತ್ತು. ಒಂಬತ್ತು ಇಂಚಿನ ಫ್ರೌನ್‌ಹೋಫರ್ ದೂರದರ್ಶಕದಲ್ಲಿ ಗಾಲೆ ಮೊದಲು ತಟ್ಟೆ ಹುಡುಕಿದ, ಕಾಣಲಿಲ್ಲ. ಆಗ ವಿದ್ಯಾರ್ಥಿ ಹೈನ್‌ರಿಚ್ ದಾರೆಸ್ಟ್, ನಕ್ಷೆಗೆ ಹೋಲಿಸಿ ನೋಡೋಣವೇ ಎಂದ. ಬ್ರೆಮಿಕರ್ ಬರೆದ ಆ ಭಾಗದ ಹೊಸ ನಕ್ಷೆ ಅಚ್ಚಾಗಿತ್ತು, ಹೊರಗೆ ಇನ್ನೂ ಹಂಚಿರಲಿಲ್ಲ. ಗಾಲೆ ಒಂದೊಂದೇ ಚುಕ್ಕಿ ಕೂಗಿದ, ದಾರೆಸ್ಟ್ ನಕ್ಷೆಯಲ್ಲಿ ಬೆರಳಿಟ್ಟ. ಎಂಟನೇ ಕಾಂತಿಮಾನದ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಂಕು) ಒಂದು ಚುಕ್ಕಿಗೆ ಬಂದಾಗ ನಕ್ಷೆಯಲ್ಲಿ ಅದು ಇರಲಿಲ್ಲ. ಲ ವೆರಿಯೆ ಹೇಳಿದ ಜಾಗಕ್ಕೆ ಒಂದು ಡಿಗ್ರಿಗಿಂತ ಕಡಿಮೆ ಅಂತರ. ಮರುರಾತ್ರಿ ಅದು ಸರಿದಿತ್ತು. ಈ ಕತೆಯಲ್ಲಿ ಅತಿ ಕಡಿಮೆ ಹೊಗಳಿಸಿಕೊಂಡವನು ಬ್ರೆಮಿಕರ್. ಅವನ ನಕ್ಷೆ ಕೇಂಬ್ರಿಜ್‌ನಲ್ಲಿದ್ದಿದ್ದರೆ ನಾವು ಬೇರೆ ಹೆಸರುಗಳನ್ನು ಬಾಯಿಪಾಠ ಮಾಡುತ್ತಿದ್ದೆವು.

ಅಕ್ಟೋಬರ್ 3ರಂದು ಲಂಡನ್ನಿನ ಪತ್ರಿಕೆಯೊಂದರಲ್ಲಿ ಯುರೇನಸ್ ಕಂಡ ವಿಲಿಯಂನ ಮಗ ಜಾನ್ ಹರ್ಷೆಲ್, ಆಡಮ್ಸ್ ಹೆಸರೆತ್ತಿದ. ಪ್ಯಾರಿಸ್ ಕೆರಳಿತು. ಆಡಮ್ಸ್ ದೂರದರ್ಶಕ ಹಿಡಿದು ಲ ವೆರಿಯೆಯ ಹಾಳೆಯಲ್ಲಿ ಗ್ರಹ ಹುಡುಕುವಂತೆ ವ್ಯಂಗ್ಯಚಿತ್ರ ಬಂತು. ಗ್ರಹಕ್ಕೆ ಲ ವೆರಿಯೆ ಎಂದೇ ಹೆಸರಿಡಬೇಕೆಂದು ಅರಾಗೋ ಹಟ ಹಿಡಿದ. ಲಂಡನ್ನಿನ ರಾಯಲ್ ಸೊಸೈಟಿ ತನ್ನ ಕಾಪ್ಲೆ ಪದಕವನ್ನು 1846ರಲ್ಲಿ ಲ ವೆರಿಯೆಗೆ, 1848ರಲ್ಲಿ ಆಡಮ್ಸ್‌ಗೆ ಕೊಟ್ಟಿತು. ಆಡಮ್ಸ್ ಸ್ವತಃ ಮೊದಲ ಸ್ಥಾನ ಲ ವೆರಿಯೆಯದೇ ಎಂದು ಒಪ್ಪಿಕೊಂಡಿದ್ದ, ಹಟ ಅವನ ಪರವಾಗಿ ಇದ್ದವರದು.

ಏರಿಯ ಮೂಲ ಕಡತ ಗ್ರೀನಿಚ್ ವೀಕ್ಷಣಾಲಯದಿಂದ 1960ರ ದಶಕದಲ್ಲಿ ಕಾಣೆಯಾಯಿತು. ಮೂವತ್ತು ವರ್ಷ ಇತಿಹಾಸಕಾರರಿಗೆ ಏರಿ ತಾನೇ ಆಯ್ದು ಅಚ್ಚು ಹಾಕಿಸಿದ ಭಾಗವೇ ಗತಿ. ಕಡತ ಸಿಕ್ಕಿದ್ದು 1998ರಲ್ಲಿ, ಚಿಲಿ ದೇಶದಲ್ಲಿ, ತೀರಿಕೊಂಡ ಖಗೋಳಜ್ಞ ಓಲಿನ್ ಎಗನ್ ವಸ್ತುಗಳ ನಡುವೆ. ಅವನು ಹಿಂದೆ ಗ್ರೀನಿಚ್‌ನಲ್ಲಿ ಕೆಲಸ ಮಾಡಿದ್ದವನು. ಕಾಗದಗಳು ಮತ್ತೆ ಕಣ್ಣಿಗೆ ಬಿದ್ದ ಮೇಲೆ ಸಮಪಾಲಿನ ಕತೆ ಇನ್ನಷ್ಟು ಸಡಿಲವಾಯಿತು. ಆಡಮ್ಸ್ ಲೆಕ್ಕ ಮೊದಲೇ ಮಾಡಿದ್ದು ಸುಳ್ಳಲ್ಲ. ಆದರೆ ಇಲ್ಲೇ ಇದೆ, ನೋಡಿ ಎಂದು ಇನ್ನೊಬ್ಬರು ಪರೀಕ್ಷಿಸುವಂತೆ ಬಹಿರಂಗವಾಗಿ ಹೇಳಿದ್ದು ಲ ವೆರಿಯೆ. ನಮ್ಮ ತೂಕದಲ್ಲಿ ತಟ್ಟೆ ಅತ್ತ ಇಳಿಯುತ್ತದೆ.

ಬರೀ ಕಾಣುವುದೂ ಸಾಲದೆಂಬುದಕ್ಕೆ ಗೆಲಿಲಿಯೋ ಸಾಕ್ಷಿ. 1612ರ ಡಿಸೆಂಬರ್ 28ರಂದು ಮತ್ತು 1613ರ ಜನವರಿಯಲ್ಲಿ ಗುರುಗ್ರಹದ ಪಕ್ಕದಲ್ಲಿ ನೆಪ್ಚೂನನ್ನು ಅವನು ನಕ್ಷತ್ರವೆಂದೇ ಗುರುತು ಹಾಕಿದ. ಫ್ರಾನ್ಸಿನ ಖಗೋಳಜ್ಞ ಲಾಲಾಂದನ ವೀಕ್ಷಣಾಲಯದಲ್ಲೂ ಅದು 1795ರ ಮೇ 8 ಮತ್ತು 10ರಂದು ದಾಖಲಾಯಿತು, ಎರಡು ಸ್ಥಾನ ಹೊಂದದಿದ್ದಾಗ ಬರೆದದ್ದೇ ತಪ್ಪೆಂದು ಸಂಶಯದ ಗುರುತು ಬಿತ್ತು. ಅದೇ ಲೆಕ್ಕದ ವಿಧಾನ ಮುಂದೆ ಕೈಕೊಟ್ಟದ್ದೂ ಉಂಟು. ಬುಧನ ಚಲನೆಯ ಕೊಂಚ ವ್ಯತ್ಯಾಸಕ್ಕೆ 1859ರಲ್ಲಿ ಲ ವೆರಿಯೆ ಸೂರ್ಯನ ಹತ್ತಿರ ಇನ್ನೊಂದು ಗ್ರಹ ಊಹಿಸಿದ, ಅದು ಇರಲೇ ಇಲ್ಲ. 1915ರಲ್ಲಿ ಐನ್‌ಸ್ಟೈನನ ಗುರುತ್ವ ಸಿದ್ಧಾಂತ ಬುಧನ ಆ ವ್ಯತ್ಯಾಸವನ್ನು ವಿವರಿಸಿತು. ಹೆಸರಿನ ಜಗಳವೂ ಮುಗಿದಿಲ್ಲ. 2005ರಲ್ಲಿ ಹೌಮಿಯಾ ಎಂಬ ಕುಬ್ಜಗ್ರಹಕ್ಕೆ ಸ್ಪೇನ್ ಮತ್ತು ಅಮೆರಿಕದ ತಂಡಗಳೆರಡೂ ಹಕ್ಕು ಸಾಧಿಸಿದವು. 2008ರಲ್ಲಿ ಅಮೆರಿಕದವರು ಸೂಚಿಸಿದ ಹೆಸರು ನಿಂತಿತು, ಕಂಡ ಜಾಗ ಸ್ಪೇನಿನದೆಂದು ದಾಖಲಾಯಿತು, ಕಂಡವರ ಹೆಸರಿನ ಜಾಗ ಖಾಲಿ ಉಳಿಯಿತು.

ನೆಪ್ಚೂನನ್ನು ಮಲೆನಾಡಿನ ಅಂಗಳದಿಂದಲೇ ನೋಡಬಹುದು. ಬರ್ಲಿನ್ನಿನಲ್ಲಿ ಅಂದು ಅದು ದಿಗಂತದಿಂದ 24 ಡಿಗ್ರಿ ಮೇಲೇರಿದರೆ ಹೆಚ್ಚು. ಶಿವಮೊಗ್ಗ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಗ್ರಹ ಈಗ ಖಗೋಳದ ವಿಷುವದ್ರೇಖೆಯ ಹತ್ತಿರ, ಹಾಗಾಗಿ ಇಲ್ಲಿ ಸುಮಾರು 76 ಡಿಗ್ರಿಯವರೆಗೆ ಏರುತ್ತದೆ. ಸುತ್ತ ಅಡಿಕೆ ತೋಟ, ಗುಡ್ಡ, ಆಕಾಶ ಬಾವಿಯ ಬಾಯಷ್ಟೇ ಕಾಣುವ ಮನೆಗೂ ಇದು ನೆತ್ತಿಯ ಮೇಲೇ ಬರುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಅತಿ ಹತ್ತಿರ ಇರುವುದು ನಿಜ, ಆಗ ಇಲ್ಲಿ ಮೋಡ. 2026ರಲ್ಲಿ ಸರಿಯಾದ ಹೊತ್ತು ದೀಪಾವಳಿ ಅಮಾವಾಸ್ಯೆಯ ಆಸುಪಾಸು, ನವೆಂಬರ್ ಎರಡನೇ ವಾರ, ರಾತ್ರಿ ಒಂಬತ್ತರ ಸುಮಾರು. ಪಟಾಕಿ ಹೊಗೆ ಇಳಿದ ಮೇಲೆ.

ಕಾಂತಿಮಾನ 7.8, ಬರಿಗಣ್ಣಿಗೆ ಎಟಕುವುದಿಲ್ಲ. 10×50 ಬೈನಾಕ್ಯುಲರ್ ಸಾಕು, ಚಾಪೆ ಮೇಲೆ ಅಂಗಾತ ಮಲಗಿ ಮೊಣಕೈ ಎದೆಗೆ ಒತ್ತಿ ಹಿಡಿಯಿರಿ. ನೆತ್ತಿಯ ಕಡೆ ಸ್ಟ್ಯಾಂಡ್ ತಿರುಗುವುದಿಲ್ಲ. ಪೂರ್ವಾಭಾದ್ರೆ ಉತ್ತರಾಭಾದ್ರೆಗಳ ನಾಲ್ಕು ನಕ್ಷತ್ರ ಸೇರಿ ದೊಡ್ಡ ಚೌಕವಾಗುತ್ತದೆ. ಪೂರ್ವದ ಬದಿಯ ಉತ್ತರಾಭಾದ್ರೆಯ ಎರಡನ್ನು ಜೋಡಿಸಿ, ಅದೇ ಗೆರೆಯನ್ನು ಅಷ್ಟೇ ಉದ್ದ ದಕ್ಷಿಣಕ್ಕೆ ಎಳೆಯಿರಿ. ಅದರ ತುದಿಯಿಂದ ಮೂರ್ನಾಲ್ಕು ಡಿಗ್ರಿಯೊಳಗೆ, ಸ್ವಲ್ಪ ಪಶ್ಚಿಮಕ್ಕೆ ನೆಪ್ಚೂನ್. ಶನಿ ಅದರಿಂದ ಆರೇಳು ಡಿಗ್ರಿ ಪೂರ್ವಕ್ಕೆ ಹೊಳೆಯುತ್ತಿರುತ್ತದೆ, ಗುರುತಿಗೆ ಅದೇ ಸುಲಭ. ಆದರೆ ಆ ಕಾಂತಿಯ ನಕ್ಷತ್ರಗಳು ಅಲ್ಲಿ ಹಲವಿವೆ. ಸ್ಟೆಲೇರಿಯಂ ತಂತ್ರಾಂಶದಲ್ಲಿ 8.5 ಕಾಂತಿಮಾನದವರೆಗಿನ ನಕ್ಷೆ ತೆಗೆದು ಹಗಲಲ್ಲೇ ಮುದ್ರಿಸಿಕೊಳ್ಳಿ. ನಕ್ಷೆಯಿಲ್ಲದೆ ಹೊರಟರೆ ಚಾಲಿಸ್ ಪಾಡೇ ನಿಮ್ಮದೂ. ತಟ್ಟೆಯಾಗಿ ಕಾಣಬೇಕೆಂದರೆ ಕನಿಷ್ಠ ನಾಲ್ಕು ಇಂಚಿನ ದೂರದರ್ಶಕ, 150 ಪಟ್ಟಿಗೂ ಮೇಲೆ ವರ್ಧನೆ ಬೇಕು. ಆಗಲೂ ಅದು 2.3 ವಿಕಲೆಯ ನೀಲಿ ಚುಕ್ಕೆ.

ಅಡ್ಡಿಯಾಗುವವು ಮೂರು. ಸುಲಿಯುವ ಚಪ್ಪರದ ಬಲ್ಬು, ಅಡಿಕೆ ಬೇಯಿಸುವ ಒಲೆಯ ಹೊಗೆ: ಗಾಳಿ ಬರುವ ದಿಕ್ಕಿಗೆ ಹೋಗಿ ಕೂರಿ, ಕತ್ತಲಿಗೆ ಕಣ್ಣು ಹೊಂದಲು ಇಪ್ಪತ್ತು ನಿಮಿಷ ಕೊಡಿ. ಇಬ್ಬನಿ: ಮಸೂರದ ಮುಂದೆ ಒಂದು ಗೇಣು ಉದ್ದದ ಕಪ್ಪು ಕಾಗದದ ಕೊಳವೆ ಸುತ್ತಿದರೆ ಗಂಟೆಯಾದರೂ ತಡೆಯುತ್ತದೆ, ಬಟ್ಟೆಯಿಂದ ಒರೆಸಬೇಡಿ. ಮತ್ತೆ ನಮ್ಮ ಕಡೆಯ ಹಳೆಯ ಶತ್ರು, ಬೂಸ್ಟು. ಮಳೆಗಾಲ ಪೂರ್ತಿ ಚರ್ಮದ ಚೀಲದಲ್ಲಿಟ್ಟ ಬೈನಾಕ್ಯುಲರ್‌ನ ಒಳಮಸೂರಕ್ಕೆ ಜೇಡನ ಬಲೆಯಂತೆ ಹಬ್ಬಿರುತ್ತದೆ, ಮಂಕು ಚುಕ್ಕಿ ಅದರಲ್ಲೇ ಕರಗಿಹೋಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟು, ಹರಳು ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸಬೇಕು.

ಅನುಮಾನದ ಚುಕ್ಕಿ ಸಿಕ್ಕಿದರೆ ಸುತ್ತಲಿನ ನಾಲ್ಕಾರು ನಕ್ಷತ್ರದೊಂದಿಗೆ ಬರೆದು ತಾರೀಖು, ಗಂಟೆ ಹಾಕಿ. ನವೆಂಬರ್ ಮೊದಲರ್ಧದಲ್ಲಿ ಅದು ದಿನಕ್ಕೆ ಸುಮಾರು ಒಂದು ಕಲೆ ಪಶ್ಚಿಮಕ್ಕೆ ಸರಿಯುತ್ತದೆ, ಹತ್ತು ದಿನದಲ್ಲಿ ಚಂದ್ರನ ಅಗಲದ ಮೂರನೇ ಒಂದು ಭಾಗ. ಬೈನಾಕ್ಯುಲರ್‌ನಲ್ಲಿ ಅಷ್ಟು ಗೊತ್ತಾಗುತ್ತದೆ. ಕೆಲಸವಿದೆಯೆಂದು ಡಿಸೆಂಬರ್ ಎರಡನೇ ವಾರಕ್ಕೆ ಮುಂದೂಡಬೇಡಿ. ಪಶ್ಚಿಮಕ್ಕೆ ಸರಿಯುವ ವಕ್ರಗತಿ ಮುಗಿದು ಪೂರ್ವಕ್ಕೆ ಸಾಗುವ ಋಜುಗತಿಗೆ ತಿರುಗುವ ಆ ದಿನಗಳಲ್ಲಿ ಗ್ರಹ ನಿಂತಲ್ಲೇ ನಿಂತಂತೆ ಇರುತ್ತದೆ. 1612ರ ಆ ಡಿಸೆಂಬರಿನಲ್ಲೂ ಅದು ಹಾಗೆಯೇ ತಿರುಗುವ ಹೊತ್ತಿನಲ್ಲಿತ್ತು, ಗೆಲಿಲಿಯೋ ಅದನ್ನು ನಕ್ಷತ್ರವೆಂದು ಬರೆದುಕೊಂಡ.